ಅಪ್ಪ ಹೊಡೆದುಹಾಕಿದ ಲೆಕ್ಕ

ನನಗೆ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿದ್ದ ವರ್ಷ ಅಪ್ಪ ನನ್ನ ಹತ್ತಿರ ಪಾಠ ಹೇಳಿಸಿಕೊಳ್ಳಲು ಕೂತ. ಆಗ ನಾವು ಚಾಂಪಿಯನ್ ರೀಫ್ಸಿನ ಕೂಲಿ ಲೈನಿನಲ್ಲಿದ್ದೆವು. ತಟ್ಟಿಯ ಗೋಡೆ, ತಗಡಿನ ಮಾಡು, ಒಂದೇ ಕೋಣೆ. ಆ ಕಡೆ ಮನೆಯವರು ಕೆಮ್ಮಿದರೆ ಈ ಕಡೆ ನಮಗೆ ಎಚ್ಚರವಾಗುತ್ತಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ಅಪ್ಪ ಬೇತಮಂಗಲದ ಪಕ್ಕದ ಹಳ್ಳಿಯವನು. ಮೀಸೆ ಮೂಡುವ ಹೊತ್ತಿಗೆ ಗಣಿಗೆ ಸೇರಿ, ಹದಿನಾಲ್ಕು ವರ್ಷ ನೆಲದ ಕೆಳಗೆ ದುಡಿದಿದ್ದ. ನಾನು ಹೇಳುತ್ತಿರುವ ಕಾಲಕ್ಕೆ ಅವನು ಮೇಲಕ್ಕೆ ಬಂದು ಎರಡು ವರ್ಷವಾಗಿತ್ತು. ಶಾಫ್ಟು ಅಂದರೆ ನೆಲದೊಳಕ್ಕೆ ನೇರವಾಗಿ ಇಳಿಯುವ ಬಾವಿ. ಅದರಲ್ಲಿ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಪಂಜರವೊಂದು ಆಳುಗಳನ್ನೂ ಕಲ್ಲನ್ನೂ ಹೊತ್ತು ಮೇಲೆ ಕೆಳಗೆ ಓಡಾಡುತ್ತಿತ್ತು. ಅದಕ್ಕೆ ಕೇಜು ಅನ್ನುತ್ತಿದ್ದರು. ಹಗ್ಗ ಸುತ್ತುವ ದೊಡ್ಡ ಎಂಜಿನ್ ಇದ್ದ ಮನೆಯಲ್ಲಿ ಅಪ್ಪ ಹೆಲ್ಪರ್. ಎಣ್ಣೆ ಬಿಡುವುದು, ಒರೆಸುವುದು, ಎಂಜಿನ್ ನಡೆಸುವ ಡ್ರೈವರ್ ಎದ್ದರೆ ಅವನ ಜಾಗದ ಪಕ್ಕ ನಿಲ್ಲುವುದು. ಗಂಟೆ ಎಷ್ಟು ಸಲ ಬಡಿದರೆ ಏನರ್ಥ, ಕೇಜು ಎಷ್ಟು ಆಳದಲ್ಲಿದೆ ಎಂದು ತೋರಿಸುವ ಮುಳ್ಳು ಎಲ್ಲಿಗೆ ಬಂದಾಗ ಬ್ರೇಕು ಹಾಕಬೇಕು, ಎಲ್ಲವೂ ಅವನ ಮೈಗೆ ಗೊತ್ತಿತ್ತು. ಕಾಗದಕ್ಕೆ ಇಳಿಸಲು ಗೊತ್ತಿರಲಿಲ್ಲ.

ಆ ವರ್ಷ ಹೆಲ್ಪರುಗಳನ್ನು ಕಡಿಮೆ ಮಾಡುತ್ತಾರೆ ಎಂಬ ಸುದ್ದಿ ಬಂತು. ಡ್ರೈವರ್ ಪರೀಕ್ಷೆಯಲ್ಲಿ ಪಾಸಾದವರು ಮೇಲೆಯೇ ಉಳಿಯುತ್ತಾರೆ, ಮಿಕ್ಕವರು ಮೊದಲಿದ್ದ ಕೆಲಸಕ್ಕೆ ವಾಪಸ್ಸು. ಅಪ್ಪನ ಮೊದಲಿನ ಕೆಲಸ ಅಂದರೆ ಶಾಫ್ಟಿನ ತಳ. ಹಿಂದಿನ ವರ್ಷ ಒಮ್ಮೆ ಆ ಪರೀಕ್ಷೆಗೆ ಕೂತು, ಕಾಗದದ ಮೇಲೆ ಮಾಡಬೇಕಾದ ಮೂರು ಲೆಕ್ಕಗಳನ್ನೂ ಖಾಲಿ ಬಿಟ್ಟು ಎದ್ದು ಬಂದಿದ್ದ. ಅವನ ಕೈಕೆಳಗೆ ಎಣ್ಣೆ ಡಬ್ಬ ಹಿಡಿಯಲು ಕಲಿತವನೊಬ್ಬ ಪಾಸಾಗಿ ಈಗ ಅವನ ಡ್ರೈವರ್ ಆಗಿದ್ದ.

ನಮ್ಮ ಮನೆಯಲ್ಲಿ ಓದುತ್ತಿದ್ದವಳು ನಾನೊಬ್ಬಳೇ. ಕನ್ನಡದ ಹೈಸ್ಕೂಲು ಬೇಕೆಂದು ನನ್ನನ್ನು ಬಂಗಾರಪೇಟೆಗೆ ಹಾಕಿದ್ದರು. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದೆ. ಒಂದು ಸಂಜೆ ನಾನು ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಅಪ್ಪ ಹತ್ತಿರ ಬಂದು ನಿಂತ.

"ಅಮ್ಮಣ್ಣೀ, ಈ ದೂರ, ವೇಗ ಅಂತವಲ್ಲ, ಅವು ನಿಮ್ಮ ಇಸ್ಕೂಲಾಗೆ ಯೋಳ್ಕೊಡ್ತಾರಾ?"

"ಊಂ. ಸೈನ್ಸ್ ಮೇಷ್ಟ್ರು ಈಗ ಅದೇ ಪಾಠ ಮಾಡ್ತಾವ್ರೆ."

"ನಂಗೂ ವಸಿ ಯೋಳ್ಕೊಡು." ಅಷ್ಟು ಹೇಳಿ ಅಪ್ಪ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. "ಯಾರ್ಗೂ ಯೋಳ್ಬೇಡ."

ಅಂದಿನಿಂದ ಸಂಜೆ ಆರಕ್ಕೆ ಬಾಗಿಲು ಹಾಕಿ, ಬುಡ್ಡಿ ದೀಪ ಹಚ್ಚಿ ನಮ್ಮ ಪಾಠ. ಮಗಳ ಹತ್ತಿರ ಕಲಿಯುತ್ತಾನೆ ಅಂತ ಲೈನಿನಲ್ಲಿ ನಗುತ್ತಾರೆ ಎಂಬ ಅಂಜಿಕೆ ಅವನಿಗೆ. ನನ್ನ ಅಂಜಿಕೆ ಬೇರೆ. ಪರೀಕ್ಷೆಗೆ ಉಳಿದಿದ್ದು ಐದೇ ವಾರ.

ಅಪ್ಪನಿಗೆ ಹಳ್ಳಿಯಲ್ಲಿ ಕಲಿತ ತೆಲುಗು ಅಕ್ಷರ ಬರುತ್ತಿತ್ತು, ಕನ್ನಡ ತಡವರಿಸಿ ಓದುತ್ತಿದ್ದ, ಕೂಡುವುದು ಕಳೆಯುವುದು ಬಾಯಲ್ಲೇ ಆಗುತ್ತಿತ್ತು. ಆದರೆ ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುತ್ತದೆ ಅಂದರೆ ಅವನ ಮುಖ ಕಲ್ಲಾಗುತ್ತಿತ್ತು. "ದೂರಾನ ಎಂಗೆ ಭಾಗ ಮಾಡ್ತಾರೆ? ಹಗ್ಗ ಕತ್ತರಿಸ್ದಂಗಾ?" ಅನ್ನುತ್ತಿದ್ದ. ನಾನು ಮತ್ತೆ ಹೇಳುತ್ತಿದ್ದೆ. ಅವನು ಬಳಪವನ್ನು ಸ್ಪ್ಯಾನರ್ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು ಸ್ಲೇಟಿನ ಮೇಲೆ ಒತ್ತುತ್ತಿದ್ದ. ಅದು ಮುರಿಯುತ್ತಿತ್ತು.

ಎರಡನೇ ವಾರದ ಒಂದು ಸಂಜೆ ಒಂದೇ ಲೆಕ್ಕವನ್ನು ಅವನು ಮೂರನೇ ಸಲ ತಪ್ಪು ಮಾಡಿದ. ನಿಮಿಷದ ವೇಗವನ್ನು ಗಂಟೆಯ ವೇಗಕ್ಕೆ ತಿರುಗಿಸುವಾಗ ಅರವತ್ತರಿಂದ ಗುಣಿಸಬೇಕಾದಲ್ಲಿ ಭಾಗಿಸಿಬಿಟ್ಟಿದ್ದ. ಶಾಲೆಯಲ್ಲಿ ಮೇಷ್ಟರು ನಮಗೆ ಅನ್ನುವ ಅದೇ ದನಿಯಲ್ಲಿ ನಾನು ಅಂದುಬಿಟ್ಟೆ, "ಇಷ್ಟೂ ಗೊತ್ತಾಗಲ್ವಾ? ತಲೇಲಿ ಏನೈತೆ?"

ಮುದ್ದೆ ತಿರುವುತ್ತಿದ್ದ ಅಮ್ಮನ ಕೋಲು ನಿಂತಿತು. ಅಪ್ಪ ನನ್ನನ್ನು ನೋಡಲಿಲ್ಲ. ಸ್ಲೇಟನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಮ್ಮ ಒಲೆಯ ಮುಂದಿನಿಂದ ಏಳದೆ ಹೇಳಿದಳು. "ನಿಮ್ಮಪ್ಪ ಯಾಕ್ ಮ್ಯಾಕ್ ಬಂದ ಅಂತ ಗೊತ್ತೇನ್ಲೇ ನಿಂಗೆ?"

"ಕಾಲಿಗೆ ಏಟಾಗಿತ್ತಲ್ಲ."

"ಕಾಲು ಮೂರ್ ತಿಂಗ್ಳಿಗೆ ವಾಸಿಯಾಯ್ತು. ಕೆಳ್ಗಡೆ ಬಂಡೆ ಸಿಡ್ದು ದಾರಿ ಮುಚ್ಕಂತು. ಒಂದ್ ಅಗ್ಲು, ಒಂದ್ ರಾತ್ರಿ ಕತ್ಲಾಗೆ ಕುಂತಿದ್ದ. ಪಕ್ಕದಾಗಿದ್ದೋನು ಮಾತಾಡ್ತಾ ಮಾತಾಡ್ತಾ ನಿಲ್ಲಿಸ್ಬುಟ್ನಂತೆ. ಅದಾದ್ಮ್ಯಾಕೆ ನಿಮ್ಮಪ್ಪ ಕೇಜಿನ ಬಾಗ್ಲು ಹಾಕೋ ಸದ್ದು ಕೇಳಿದ್ರೆ ಬೆವರ್ತಾನೆ. ಬಾಯಿ ಬಿಟ್ಟು ಯೋಳಲ್ಲ. ತಿರ್ಗ ಕೆಳ್ಗೆ ಕಳ್ಸಿದ್ರೆ ಅವ್ನು ಎದೆ ಒಡ್ಕೊಂಡು ಓಗ್ತಾನೆ ಕಣೇ."

ಅರ್ಧ ಗಂಟೆಯಾದ ಮೇಲೆ ಅಪ್ಪ ಬಂದ. ಮತ್ತೆ ಅದೇ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸ್ಲೇಟು ತೊಡೆಯ ಮೇಲಿಟ್ಟುಕೊಂಡ. "ಅರವತ್ರಿಂದ ಗುಣಿಸ್ಬೇಕಿತ್ತು, ಅಲ್ವಾ?" ಅಂದ. ನಾನು ತಲೆಯಾಡಿಸಿದೆ.

ಆಮೇಲೆ ನಾನು ರೈಲು, ದೋಣಿ ಬಿಟ್ಟು ಕೇಜಿನ ಲೆಕ್ಕಗಳನ್ನೇ ಕಟ್ಟಿದೆ. ಅವನಿಗೆ ಅದು ಹಿಡಿಸಿತು. ಕಣ್ಣು ಮುಚ್ಚಿಕೊಂಡು, ಎದುರಿಗೆ ಆಳದ ಮುಳ್ಳು ತಿರುಗುತ್ತಿದೆ ಅನ್ನುವಂತೆ ಬೆರಳಾಡಿಸುತ್ತಾ ಕಾಲವನ್ನು ಹೇಳಿಬಿಡುತ್ತಿದ್ದ. ನಾಲ್ಕನೇ ವಾರದ ಹೊತ್ತಿಗೆ ಹತ್ತಕ್ಕೆ ಎಂಟು ಸರಿ ಬರತೊಡಗಿದವು. ಆಗಲೇ ಸರಾಸರಿ ವೇಗದ ಲೆಕ್ಕ ಬಂತು.

ಅದು ನನ್ನ ಪುಸ್ತಕದ ಪಾಠದ ಕೊನೆಯಲ್ಲಿತ್ತು. ಒಂದು ರೈಲು ಅರವತ್ತು ಮೈಲಿ ದೂರದ ಊರಿಗೆ ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಹೋಗಿ, ಮೂವತ್ತು ಮೈಲಿ ವೇಗದಲ್ಲಿ ಹಿಂತಿರುಗುತ್ತದೆ. ಸರಾಸರಿ ವೇಗ ಎಷ್ಟು? ಮೇಷ್ಟರು ಅದನ್ನಿನ್ನೂ ತರಗತಿಯಲ್ಲಿ ಮಾಡಿರಲಿಲ್ಲ, ಮನೆಗೆಲಸಕ್ಕೆ ಕೊಟ್ಟಿದ್ದರು. ಇಪ್ಪತ್ತು ಮೂವತ್ತು ಕೂಡಿದರೆ ಐವತ್ತು, ಅರ್ಧ ಮಾಡಿದರೆ ಇಪ್ಪತ್ತೈದು. ಒಂದು ಗಳಿಗೆಯೂ ಯೋಚಿಸದೆ ನಾನು ಬರೆದೆ, ಅಪ್ಪನಿಗೂ ಹಾಗೆಯೇ ಹೇಳಿಕೊಟ್ಟೆ.

ಅವನು ಒಪ್ಪಲಿಲ್ಲ. ಬಳಪ ಕೆಳಗಿಟ್ಟು ಕೇಳಿದ, "ಅದೆಂಗಮ್ಮಣ್ಣಿ? ನಿಧಾನುಕ್ಕೆ ಓಗೋವಾಗ ಜಾಸ್ತಿ ಒತ್ತು ಇಡೀತದಲ್ವಾ? ಎರಡ್ನೂ ಒಂದೇ ಸಮ ಅಂತ ಎಂಗ್ ಕೂಡ್ತೀಯ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆ. ಮೇಷ್ಟರಾಗಿ ಕೂತ ಆ ನಾಲ್ಕು ವಾರ ನನ್ನನ್ನು ಅಷ್ಟರಮಟ್ಟಿಗೆ ಕೆಡಿಸಿತ್ತು.

"ನಮ್ ಪುಸ್ತಕದಾಗೆ ಅಂಗೇ ಮಾಡೈತೆ," ಅಂದೆ.

ಪುಸ್ತಕದಲ್ಲಿ ಪ್ರಶ್ನೆ ಮಾತ್ರ ಇತ್ತು. ಅಪ್ಪ ಬಳಪವನ್ನು ಮತ್ತೆ ಕೈಗೆ ತೆಗೆದುಕೊಂಡು, "ಪುಸ್ತಕದಾಗೈತಾ? ಅಂಗಾರೆ ಸರಿ ಬಿಡು," ಎಂದು ನಾನು ಹೇಳಿದಂತೆಯೇ ಬರೆದುಕೊಂಡ.

ಪರೀಕ್ಷೆಯ ದಿನ ಬಂತು. ಅಪ್ಪನಿಗೆ ರಜೆ ಕೊಟ್ಟಿದ್ದರು. ಮಧ್ಯಾಹ್ನ ಎರಡಕ್ಕೆ ಗಣಿಯ ಆಫೀಸಿನಲ್ಲಿ ಬರಹದ ಲೆಕ್ಕ, ನಾಲ್ಕಕ್ಕೆ ಬಾಯಿಪರೀಕ್ಷೆ. ಬೆಳಿಗ್ಗೆ ನಾನು ಹೊರಡುವಾಗ ಅವನು ಒಗೆದ ಅಂಗಿ ಹಾಕಿಕೊಂಡು ಹೊಸಿಲ ಮೇಲೆ ಕೂತು, ಬಾಯಲ್ಲೇ ಏನೋ ಗುಣಿಸುತ್ತಿದ್ದ.

ಶಾಲೆಯಲ್ಲಿ ಆ ದಿನ ಎರಡನೇ ಪೀರಿಯಡ್ ಸೈನ್ಸ್. ಮೇಷ್ಟರು ತಿದ್ದಿದ ಪುಸ್ತಕಗಳ ರಾಶಿ ತಂದರು. ನನ್ನ ಪುಸ್ತಕದಲ್ಲಿ ಇಪ್ಪತ್ತೈದರ ಮೇಲೆ ಕೆಂಪು ಶಾಯಿಯ ದೊಡ್ಡ ತಪ್ಪು ಗುರುತು.

"ಇಡೀ ಕ್ಲಾಸೇ ಗುಂಡಿಗೆ ಬಿದ್ದಿದೆ," ಅಂದರು ಮೇಷ್ಟರು, ಬೋರ್ಡಿನ ಕಡೆ ತಿರುಗುತ್ತಾ. "ಎರಡು ವೇಗ ಕೂಡಿ ಅರ್ಧ ಮಾಡಿದರೆ ಸರಾಸರಿ ಆಗಲ್ಲ. ಒಟ್ಟು ದೂರವನ್ನ ಒಟ್ಟು ಕಾಲದಿಂದ ಭಾಗಿಸಬೇಕು. ಹೋಗೋಕೆ ಎಷ್ಟು ಗಂಟೆ? ಅರವತ್ತು ಭಾಗಿಸು ಇಪ್ಪತ್ತು, ಮೂರು. ಬರೋಕೆ? ಎರಡು. ಒಟ್ಟು ಐದು ಗಂಟೆ, ನೂರಿಪ್ಪತ್ತು ಮೈಲಿ. ಇಪ್ಪತ್ತನಾಲ್ಕು. ಇಪ್ಪತ್ತೈದಲ್ಲ. ಯಾಕೆ? ನಿಧಾನವಾಗಿ ಹೋಗುವಾಗ ರೈಲು ಹೆಚ್ಚು ಹೊತ್ತು ಕಳೆದಿದೆ."

ಅಪ್ಪ ಹೇಳಿದ ಮಾತೇ ಅದು. ಒಂದಕ್ಷರ ಆಚೀಚೆಯಿಲ್ಲ.

ಇನ್ನೇನು ಕೆಲವು ಗಂಟೆಗಳಲ್ಲಿ ಅವನು ಆ ಅಧಿಕಾರಿಗಳ ಮುಂದೆ ಕೂತು, ನಾನು ಹೇಳಿಕೊಟ್ಟ ತಪ್ಪನ್ನು ಬರೆಯುತ್ತಾನೆ. ಮೂರು ಲೆಕ್ಕದಲ್ಲಿ ಒಂದು ಇಂಥದ್ದೇ ಇರುತ್ತದೆ ಅಂತ ಅವನ ಡ್ರೈವರ್ ಹೇಳಿದ್ದ. ಪೀರಿಯಡ್ ಮುಗಿದ ಗಂಟೆ ಹೊಡೆದಿದ್ದೇ ನಾನು ಯಾರನ್ನೂ ಕೇಳದೆ ಹೊರಗೆ ಬಂದೆ. ಹೆಡ್ಮೇಷ್ಟರ ಕೋಣೆಯ ಗಡಿಯಾರದಲ್ಲಿ ಹನ್ನೊಂದೂವರೆ.

ಮುಂದಿನ ರೈಲು ಎರಡು ಗಂಟೆಗೆ. ಬಸ್ಸಿಗೆ ಕೈಯಲ್ಲಿ ಕಾಸಿಲ್ಲ, ಇದ್ದದ್ದು ರೈಲಿನ ಪಾಸು ಮಾತ್ರ. ರೈಲು ಹಳಿಯ ಪಕ್ಕದಲ್ಲಿ ನಡೆದರೆ ಗಣಿಯ ಗೇಟಿಗೆ ಎಂಟೊಂಬತ್ತು ಮೈಲಿ. ಒಂಬತ್ತು ಅಂತಲೇ ಇಟ್ಟುಕೊಂಡೆ. ಗಂಟೆಗೆ ಮೂರು ಮೈಲಿ ನಡೆದರೆ ಮೂರು ಗಂಟೆ, ಎರಡೂವರೆಗೆ ಸೇರುತ್ತೇನೆ. ತಡವಾಯಿತು. ಅರ್ಧ ದಾರಿ ಆರು ಮೈಲಿಯ ವೇಗದಲ್ಲಿ ಓಡಿ, ಅರ್ಧ ದಾರಿ ನಡೆದರೆ? ಮೂರು ಆರು ಒಂಬತ್ತು, ಅರ್ಧ ನಾಲ್ಕೂವರೆ. ಎರಡೇ ಗಂಟೆ ಸಾಕು, ಒಂದೂವರೆಗೆ ಅಲ್ಲಿರುತ್ತೇನೆ.

ಸ್ಟೇಷನ್ ದಾಟುವಾಗ ಹೊಳೆಯಿತು, ಮತ್ತದೇ ತಪ್ಪು ಮಾಡಿದ್ದೆ. ಓಡುವ ಅರ್ಧಕ್ಕೆ ಮುಕ್ಕಾಲು ಗಂಟೆ, ನಡೆಯುವ ಅರ್ಧಕ್ಕೆ ಒಂದೂವರೆ ಗಂಟೆ. ಎರಡೂ ಕಾಲು. ಸೇರುವುದು ಒಂದೂ ಮುಕ್ಕಾಲಿಗೆ. ಹದಿನೈದೇ ನಿಮಿಷ ಉಳಿಯುತ್ತದೆ. ಪಾವಡೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ.

ಹತ್ತು ತಂತಿಕಂಬ ಓಡುವುದು, ಹತ್ತು ಕಂಬ ನಡೆಯುವುದು. ಮೊದಲ ಎರಡು ಮೈಲಿ ಹಾಗೆ ನಡೆಯಿತು. ಆಮೇಲೆ ಪಕ್ಕೆ ಹಿಡಿದುಕೊಂಡಿತು. ಓಡುವ ಕಂಬಗಳು ಐದಾದವು, ಮೂರಾದವು. ಜಲ್ಲಿಯ ಮೇಲೆ ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿತು. ಎರಡನ್ನೂ ಕೈಯಲ್ಲಿ ಹಿಡಿದೆ. ಬಿಸಿಲಿಗೆ ಹಳಿ ಕಾದು, ಕಲ್ಲು ಕಾದು, ಬರಿಗಾಲು ಇಟ್ಟಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾಲ್ಕನೇ ಮೈಲಿಯಲ್ಲೋ ಏನೋ ಹಳಿ ರಿಪೇರಿ ಮಾಡುತ್ತಿದ್ದ ಗ್ಯಾಂಗಿನವನೊಬ್ಬ ಅಡ್ಡ ಬಂದ.

"ಯಾಕವ್ವಾ ಇಂಗ್ ಓಡ್ತಿದ್ದೀಯ? ಮನ್ಯಾಗೆ ಯಾರ್ಗೇನಾಯ್ತು?"

"ನಮ್ಮಪ್ಪಂಗೆ ತಪ್ಪು ಯೋಳ್ಕೊಟ್ಬುಟ್ಟಿದೀನಿ," ಅಂದೆ, ಏದುಸಿರಿನಲ್ಲಿ.

ಅವನಿಗೆ ಏನೂ ಅರ್ಥವಾಗಲಿಲ್ಲ. ಮಡಕೆಯಿಂದ ನೀರು ಬಗ್ಗಿಸಿ ಕೊಟ್ಟ, ಕುಡಿದೆ, ಮಿಕ್ಕದ್ದನ್ನು ತಲೆಗೆ ಸುರಿದುಕೊಂಡೆ. "ಕಾಲಾಗೆ ರಕ್ತ ಬತ್ತಾ ಐತೆ, ನೋಡ್ಕೊ," ಅಂತ ಅವನು ಹಿಂದಿನಿಂದ ಕೂಗಿದ್ದು ಕೇಳಿಸಿತು.

ಕೋರಮಂಡಲ್ ಸ್ಟೇಷನ್ ಕಳೆಯುವ ಹೊತ್ತಿಗೆ ನಾನು ಓಡುವುದನ್ನು ಪೂರಾ ಬಿಟ್ಟಿದ್ದೆ. ಊರಿಗಾಂ ಸ್ಟೇಷನ್ನಿನ ಹತ್ತಿರ ಬರುತ್ತಿದ್ದಾಗ ಗಣಿಯ ಸೈರನ್ ಕೂಗಿತು. ಎರಡು ಗಂಟೆಯ ಪಾಳಿಯ ಕೂಗು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು, ಆದರೆ ಅಂದು ಕೇಳಿದಷ್ಟು ಉದ್ದ ಯಾವತ್ತೂ ಕೇಳಿಸಿರಲಿಲ್ಲ. ಪ್ಲಾಟ್‌ಫಾರಂ ತುದಿಯ ಕಲ್ಲಿನ ಮೇಲೆ ಕೂತು ಅತ್ತೆ. ಅತ್ತು, ಎದ್ದು, ಮತ್ತೆ ನಡೆದೆ. ಈಗ ಹೋಗಿ ಏನು ಮಾಡುವುದು ಅನ್ನುವುದು ತಿಳಿಯದು. ಹೋಗದೆ ಇರಲೂ ಆಗಲಿಲ್ಲ.

ಗೇಟಿನಲ್ಲಿ ವಾಚ್‌ಮನ್ ತಡೆದ. ಅವನು ತಮಿಳಿನವನು. "ಉಳ್ಳೆ ವಿಡಮಾಟ್ಟೇನ್ ಪಾಪಾ," ಒಳಗೆ ಬಿಡುವುದಿಲ್ಲ ಅಂತ ಕೋಲು ಅಡ್ಡ ಹಿಡಿದ. ಒಳಗೆ ನಮ್ಮಪ್ಪ ಪರೀಕ್ಷೆ ಬರೆಯುತ್ತಿದ್ದಾನೆ, ಒಂದೇ ಒಂದು ಮಾತು ಹೇಳಬೇಕು ಅಂತ ಅವನ ಭಾಷೆಯಲ್ಲೇ ಬೇಡಿಕೊಂಡೆ. ಪರೀಕ್ಷೆ ಅಂದ ಮೇಲಂತೂ ಅವನು ಕೋಲು ಇನ್ನಷ್ಟು ಬಿಗಿಯಾಗಿ ಹಿಡಿದ. ಗೇಟಿನ ಎದುರಿನ ಬೇವಿನ ಮರದ ಕೆಳಗೆ ಕೂತೆ.

ಮೂರೂ ಕಾಲರ ಹೊತ್ತಿಗೆ ಪರೀಕ್ಷೆಗೆ ಕೂತಿದ್ದ ಐದಾರು ಜನ ಬೀಡಿ ಸೇದಲು ಹೊರಗೆ ಬಂದರು. ಕೊನೆಯಲ್ಲಿ ಅಪ್ಪ. ನನ್ನನ್ನು ಕಂಡದ್ದೇ ಓಡಿ ಬಂದ.

"ಅಮ್ಮುಂಗೇನಾಯ್ತು?"

"ಅಮ್ಮುಂಗೇನೂ ಆಗಿಲ್ಲ. ಅಪ್ಪಾ, ಸರಾಸರಿ ಲೆಕ್ಕ ಬಂದಿತ್ತಾ?"

"ಬಂದಿತ್ತು. ಮೂರನೇದು. ಎರಡ್ ಸಾವ್ರದ ನಾನೂರ್ ಅಡಿ ಆಳ. ಇಳಿಯಾವಾಗ ನಿಮ್ಸಕ್ಕೆ ಆರ್ನೂರ್ ಅಡಿ, ಏರಾವಾಗ ಸಾವ್ರದ ಇನ್ನೂರು."

"ಎಷ್ಟು ಬರ್ದೆ?"

"ಒಂಬೈನೂರು. ನೀನ್ ಯೋಳ್ದಂಗೆ."

ನಾನು ಎಲ್ಲವನ್ನೂ ಹೇಳಿದೆ. ನಾನು ಹೇಳಿಕೊಟ್ಟದ್ದು ತಪ್ಪು ಅಂತ, ಪುಸ್ತಕದಲ್ಲಿ ಇದೆ ಅಂದದ್ದು ಸುಳ್ಳು ಅಂತ. ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಬೇಕು ಅಂತ. ಅಪ್ಪ ನನ್ನೆದುರಿಗೆ ಕುಕ್ಕರಗಾಲಲ್ಲಿ ಕೂತ.

"ನಂಗೆ ಎಂಟ್ನೂರೇ ಬಂದಿತ್ತು ಕಣಮ್ಮಣ್ಣಿ," ಅಂದ. "ಇಳಿಯಾಕೆ ನಾಕ್ ನಿಮ್ಸ, ಏರಾಕೆ ಎರಡ್ ನಿಮ್ಸ. ಓಗಿ ಬರಾಕೆ ನಾಕ್ ಸಾವ್ರದ ಎಂಟ್ನೂರ್ ಅಡಿ, ಆರ್ ನಿಮ್ಸ. ದಿನಾ ನೋಡೋದಲ್ವಾ, ಅಂಗೇ ಕಣ್ಣಿಗೆ ಕಟ್ತು, ಬರ್ದೆ. ಆಮ್ಯಾಕೆ ನೀನ್ ಯೋಳ್ಕೊಟ್ಟಿದ್ದು ಗೆಪ್ತಿಗೆ ಬಂತು. ನಂದು ತಪ್ಪಿರ್ಬೇಕು ಅಂತ ಅದ್ರ ಮ್ಯಾಲೆ ಗೀಟೆಳ್ದು ಒಂಬೈನೂರ್ ಬರ್ದೆ."

ನಾನು ತಲೆ ಎತ್ತಲಿಲ್ಲ. ಅವನು ಬೈಯಲಿ ಅಂತ ಕಾದೆ. ಅಷ್ಟರಲ್ಲಿ ಅವನ ಕಣ್ಣು ನನ್ನ ಪಾದದ ಮೇಲೆ ಬಿತ್ತು.

"ಇದೇನಾಯ್ತು? ಎಂಗ್ ಬಂದೆ ನೀನು?"

"ನಡ್ಕೊಂಡು."

"ಬಂಗಾರಪೇಟಿಂದಾ?"

ಗೇಟಿನ ಪಕ್ಕದ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಕಾಲು ತೊಳೆದ. ಹೆಬ್ಬೆರಳ ಸಂದಿಯಲ್ಲಿ ಸಿಕ್ಕಿದ್ದ ಜಲ್ಲಿಯ ಚೂರನ್ನು ಉಗುರಿನಿಂದ ತೆಗೆದ. ತನ್ನ ಟವೆಲ್ಲಿನ ಅಂಚು ಹರಿದು ಕಟ್ಟಿದ. ಒಳಗಿನಿಂದ ಕರೆ ಬಂತು. ಎದ್ದು ಅಂಗಿ ಸರಿಮಾಡಿಕೊಂಡು ಹೊರಟವನು ಗೇಟಿನ ಹತ್ತಿರ ಒಂದು ಕ್ಷಣ ನಿಂತ, ತಿರುಗಿ ನೋಡದೆ ಒಳಗೆ ಹೋದ.

ಒಳಗೆ ನಡೆದದ್ದನ್ನು ಅಪ್ಪ ಒಂದೇ ಸಲಕ್ಕೆ ಹೇಳಲಿಲ್ಲ. ಅಂದು ಸ್ವಲ್ಪ, ಮುಂದೆ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಹೇಳಿದ. ಎಲ್ಲ ಸೇರಿಸಿದರೆ ಹೀಗಿತ್ತು.

ಮೇಜಿನ ಹಿಂದೆ ಮೂವರು ಅಧಿಕಾರಿಗಳು. ಅವರು ಏನಾದರೂ ಕೇಳುವ ಮುಂಚೆಯೇ ಅಪ್ಪ ಕೈ ಮುಗಿದು ಹೇಳಿದನಂತೆ, "ಸಾಮೀ, ನನ್ನ ಮೂರನೇ ಲೆಕ್ಕ ತಪ್ಪಾಗೈತೆ. ಗೀಟೆಳ್ದು ಒಡ್ದಾಕಿರೋದೇ ಸರಿ."

ಅವರಲ್ಲಿ ಚಿಕ್ಕವನು ಸಿಟ್ಟಾದ. "ಈಗ ಹೇಗೆ ಗೊತ್ತಾಯಿತು? ಹೊರಗೆ ಹೋಗಿ ಯಾರನ್ನು ಕೇಳಿಕೊಂಡು ಬಂದೆ?"

ಸುಳ್ಳು ಹೇಳಬಹುದಿತ್ತು. ಅಪ್ಪ ಹೇಳಲಿಲ್ಲ. "ನನ್ನ ಮಗ್ಳು ಬಂದಿದ್ಲು ಸಾಮಿ. ಲೆಕ್ಕ ಯೋಳ್ಕೊಟ್ಟೋಳೇ ಅವ್ಳು. ತಪ್ಪು ಯೋಳ್ಕೊಟ್ಟಿದ್ದೆ ಅಂತ ಯೋಳಾಕೆ ಬಂಗಾರಪೇಟಿಂದ ನಡ್ಕೊಂಡ್ ಬಂದವ್ಳೆ."

ಐದು ವಾರ ಬಾಗಿಲು ಹಾಕಿ ಬಚ್ಚಿಟ್ಟ ಗುಟ್ಟನ್ನು ಅವನು ಆ ಮೇಜಿನ ಮುಂದೆ ಬಿಚ್ಚಿಟ್ಟಿದ್ದ. ಚಿಕ್ಕವನು, ಬರೆದದ್ದು ಬರೆದಾಯಿತು, ತಿದ್ದುವಂತಿಲ್ಲ, ಹೊರಗಿನವರ ಜೊತೆ ಮಾತಾಡಿದ್ದೇ ತಪ್ಪು, ಇವನನ್ನು ಕಳಿಸಿ ಅಂದ. ನಡುವೆ ಕೂತಿದ್ದ ವಯಸ್ಸಾದ ಎಂಜಿನಿಯರು ಮಾತ್ರ ಉತ್ತರದ ಕಾಗದವನ್ನು ಕೈಗೆ ತೆಗೆದುಕೊಂಡು, ಹೊಡೆದುಹಾಕಿದ ಸಾಲುಗಳನ್ನು ಬೆಳಕಿಗೆ ಹಿಡಿದು ಓದಿದರು.

"ಮೊದಲು ಸರಿ ಬಂದಿತ್ತಲ್ಲ. ಯಾಕೆ ಹೊಡೆದೆ?"

"ನಂಗಿಂತ ಅವ್ಳ ಮ್ಯಾಲೆ ನಂಬ್ಕೆ ಜಾಸ್ತಿ ಇತ್ತು ಸಾಮಿ."

"ಹಾಗಾದರೆ ಒಂದು ಹೇಳು. ಕೇಜಿನಲ್ಲಿ ಆಳುಗಳಿದ್ದಾರೆ. ಮುಳ್ಳು ಒಂದು ಆಳ ತೋರಿಸ್ತಿದೆ. ನಿನ್ನ ಮನಸ್ಸಿನ ಲೆಕ್ಕ ಇನ್ನೊಂದು ಹೇಳ್ತಿದೆ. ಯಾರನ್ನ ನಂಬ್ತೀಯ?"

ಮುಳ್ಳನ್ನು ಅಂದರೂ ಸಿಕ್ಕಿಕೊಳ್ಳುತ್ತೇನೆ, ಮನಸ್ಸನ್ನು ಅಂದರೂ ಸಿಕ್ಕಿಕೊಳ್ಳುತ್ತೇನೆ ಅಂತ ಅಪ್ಪನಿಗೆ ಅನ್ನಿಸಿತಂತೆ. ಆಮೇಲೆ ತಾನು ಕೇಜಿನ ಒಳಗೆ ನಿಂತಿದ್ದ ದಿನಗಳು ನೆನಪಾದವಂತೆ.

"ಯಾರ್ನೂ ನಂಬಲ್ಲ ಸಾಮಿ. ಎಂಜಿನ್ ನಿಲ್ಲಿಸ್ತೀನಿ. ಎರಡೂ ಒಂದಾಗೋ ಗಂಟ ಬ್ರೇಕು ತೆಗ್ಯಲ್ಲ."

ಹಿರಿಯರು ಏನೋ ಬರೆದುಕೊಂಡರು. ಆಮೇಲೆ ಬ್ರೇಕಿನ ಮೇಲೆ, ಗಂಟೆಯ ಮೇಲೆ ಮಾಮೂಲಿ ಪ್ರಶ್ನೆಗಳು. ಹೋಗು ಅಂದರು.

ಮಾರನೆಯ ದಿನ ಶಾಲೆಯಲ್ಲಿ ಕೇಳದೆ ಹೋದದ್ದಕ್ಕೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಕಟ್ಟಿದ ಕಾಲಿನಲ್ಲಿ ಒಂದು ಪೀರಿಯಡ್ ಪೂರಾ ನಿಂತಿದ್ದೆ. ಆಮೇಲೆ ಸೈನ್ಸ್ ಮೇಷ್ಟರು ಹೊರಗೆ ಬಂದು ಯಾಕೆ ಹೋದೆ ಅಂತ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಗೊತ್ತಿಲ್ಲದಿದ್ದರೆ ನನ್ನನ್ನ ಕೇಳಬಹುದಿತ್ತಲ್ಲ?"

"ನಾಚಿಕೆಯಾಯ್ತು ಸಾರ್."

"ನನಗೂ ಆಗುತ್ತೆ," ಅಂದರು ಅವರು. ನನ್ನನ್ನು ಒಳಗೆ ಕರೆದರು.

ಫಲಿತಾಂಶಕ್ಕೆ ಹದಿನೇಳು ದಿನ ಕಾದೆವು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಪಾಠವಿರಲಿಲ್ಲ, ಬಾಗಿಲು ಸಂಜೆ ಹೊತ್ತು ತೆರೆದೇ ಇರುತ್ತಿತ್ತು. ಅಪ್ಪ ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ಅಮ್ಮ ಯಾರೊಂದಿಗೂ ನಲ್ಲಿಯ ಹತ್ತಿರ ಮಾತಾಡದೆ ನೀರು ತರುತ್ತಿದ್ದಳು. ನನ್ನನ್ನು ಇಬ್ಬರೂ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಒಂದು ಸಂಜೆ ಅಪ್ಪನ ಹಳೇ ಗಣಿ ಬೂಟುಗಳನ್ನು ಅಮ್ಮ ಮೂಲೆಯಿಂದ ತೆಗೆದು, ಧೂಳು ಒರೆಸಿ, ಮತ್ತೆ ಅಲ್ಲಿಯೇ ಇಡುವುದನ್ನು ನೋಡಿದೆ.

ಹದಿನೆಂಟನೇ ದಿನ ಪಟ್ಟಿ ಅಂಟಿಸಿದರು. ಅಪ್ಪ ಮನೆಗೆ ಬಂದು ಊಟಕ್ಕೆ ಕೂತ. ಅಮ್ಮ ಬಡಿಸುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು. ಎರಡನೇ ಮುದ್ದೆ ಹಾಕಿಸಿಕೊಂಡ ಮೇಲೆ ಬಾಯಿ ಬಿಟ್ಟ.

"ಪಾಸ್ ಮಾಡವ್ರೆ. ಆರ್ ತಿಂಗ್ಳು ಕಲ್ಲು ಮಾತ್ರ. ಮನುಸ್ರುನ್ನ ಆಮ್ಯಾಕೆ ಕೊಡ್ತಾರಂತೆ."

ಅಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಸೆರಗನ್ನು ಬಾಯಿಗೆ ಹಿಡಿದು ಕೂತುಬಿಟ್ಟಳು. ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಅಪ್ಪ ನನ್ನ ತಟ್ಟೆಯ ಕಡೆ ಕೈ ತೋರಿಸಿ, "ಉಣ್ಣು," ಅಂದ.

ಆರು ತಿಂಗಳು ಅವನು ಕಲ್ಲನ್ನೇ ಏರಿಸಿದ. ಆಗ ಸಂಜೆ ನಾವು ಮತ್ತೆ ಲೆಕ್ಕಕ್ಕೆ ಕೂರುತ್ತಿದ್ದೆವು. ಪರೀಕ್ಷೆಯ ಭಯವಿಲ್ಲ, ಬಾಗಿಲೂ ಹಾಕುತ್ತಿರಲಿಲ್ಲ. ಒಂದು ವ್ಯತ್ಯಾಸವಾಗಿತ್ತು. ನಾನು ಏನು ಹೇಳಿದರೂ ಅಪ್ಪ "ಎಂಗೆ?" ಅನ್ನುತ್ತಿದ್ದ. ಹೇಳಲು ಬಾರದಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದೆ. ಮಾರನೆಯ ದಿನ ಮೇಷ್ಟರನ್ನು ಕೇಳಿಕೊಂಡು ಬರುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಸೋಮವಾರ ಅವನಿಗೆ ಮೊದಲ ಸಲ ಆಳುಗಳ ಕೇಜು ಕೊಟ್ಟರು. ಬೆಳಗಿನ ಪಾಳಿ. ಅವನು ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಒಲೆ ಹಚ್ಚಿರಲಿಲ್ಲ. ನಾನು ಶಾಲೆಗೆ ಹೋದೆ. ಆ ದಿನ ಬೋರ್ಡಿನ ಮೇಲೆ ಏನು ಬರೆದರು, ಯಾವ ಮೇಷ್ಟರು ಬಂದರು, ಒಂದೂ ನೆನಪಿಲ್ಲ. ಆಳುಗಳು ಇಳಿಯುವ ಹೊತ್ತು, ಮೇಲೆ ಬರುವ ಹೊತ್ತು, ಅವೆರಡನ್ನೇ ಮನಸ್ಸಿನಲ್ಲಿ ಹಿಡಿದುಕೊಂಡು ಕೂತಿದ್ದೆ. ಬಂಗಾರಪೇಟೆಗೆ ನಮ್ಮ ಸೈರನ್ ಕೇಳಿಸುವುದಿಲ್ಲ. ಮಧ್ಯಾಹ್ನ ಎರಡಾಗಿದ್ದನ್ನು ಶಾಲೆಯ ಗಂಟೆಯಿಂದ ತಿಳಿದೆ. ಪಾಳಿ ಬಿಟ್ಟಿರುತ್ತದೆ ಅಂದುಕೊಂಡೆ. ಹೇಗೆ ಬಿಟ್ಟಿತು ಅನ್ನುವುದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಸಂಜೆಯ ರೈಲು ಪ್ರತಿ ಸ್ಟೇಷನ್ನಿನಲ್ಲೂ ಬೇಕಂತಲೇ ನಿಧಾನ ಮಾಡಿದಂತಿತ್ತು.

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದಾಗ ಪ್ಲಾಟ್‌ಫಾರಂ ಮೇಲೆ ಅಪ್ಪ ನಿಂತಿದ್ದ. ಅಲ್ಲಿಯತನಕ ಅವನು ಒಂದು ದಿನವೂ ನನ್ನನ್ನು ಕರೆದೊಯ್ಯಲು ಬಂದವನಲ್ಲ. ಸ್ನಾನ ಮಾಡಿ, ತಲೆ ಬಾಚಿ, ಬೇರೆ ಅಂಗಿ ಹಾಕಿದ್ದ. ನನ್ನ ಕೈಯಿಂದ ಪುಸ್ತಕದ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಹೇಳಿದ.

"ಎಲ್ಲಾರೂ ಮ್ಯಾಕ್ ಬಂದ್ರು."

ಇಬ್ಬರೂ ಹಳಿ ದಾಟಿ ಲೈನಿನ ಕಡೆ ನಡೆದೆವು. ಅಪ್ಪ ದಾರಿಯುದ್ದಕ್ಕೂ, ಮೊದಲ ಕೇಜಿನಲ್ಲಿ ಯಾರ‍್ಯಾರು ಇದ್ದರು, ಯಾರು ಏನು ತಮಾಷೆ ಮಾಡಿದರು ಅಂತ ಹೇಳುತ್ತಲೇ ಇದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.